ಹೊತ್ತಿನೊಳಗೆ ಇಳಿದು ಬಂದ ದೇವರು

ಮೊನ್ನೆ ಗಂಗಾವತಿಯ ಬೈಪಾಸಿನಲ್ಲಿ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ನನ್ನ ಸ್ಕೂಟಿಯ ಮುಂದೆ ಹೊರಟಿತ್ತು. ಆಗಷ್ಟೇ ಕೊಯ್ದ ಭತ್ತದ ಹುಲ್ಲಿನ ವಾಸನೆ ಮೂಗಿಗೆ ಬಡಿಯಿತು. ಹಿಂದೆ ಪಕ್ಕದ ಮನೆಯಲ್ಲಿದ್ದ ನರ್ಸಮ್ಮ ನೆನಪಾದರು...

ನಿವೃತ್ತಿಯಾದ ಮೇಲೆ ನಮ್ಮ ಓಣಿಗೆ ಬಂದವರು ಅವರು. ಓಣಿಯಲ್ಲಿ ಅದೊಂದೇ ಕ್ರೈಸ್ತರ ಮನೆ. ಪ್ರತಿ ಡಿಸೆಂಬರಿನಲ್ಲಿ ಗೋದಲಿ, ಅಂದರೆ ತಮ್ಮ ದೇವರು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ ಕಟ್ಟಲು ನಮ್ಮ ಹಿತ್ತಲಿನ ಬಣವೆಯಿಂದ ಒಂದು ಹಿಡಿ ಹುಲ್ಲು ಕೇಳಿಕೊಂಡು ಬರುತ್ತಿದ್ದರು. ಹುಲ್ಲು ಒಂದು ಹಿಡಿ, ಮಾತು ಮಾತ್ರ ಸಂಜೆಯವರೆಗೆ. ಅವ್ವನಿಗೂ ಅದೇ ಬೇಕಿತ್ತು.

ನಾನು ಪಿಯುಸಿ ಓದುತ್ತಿದ್ದ ವರ್ಷ ಗೋದಲಿ ನೋಡಲು ಅವ್ವನ ಜೊತೆ ಹೋಗಿದ್ದೆ. ಹುಲ್ಲಿನ ಮೇಲೆ ಮಣ್ಣಿನ ಪುಟ್ಟ ಕೂಸು. ಅವ್ವ ಅದನ್ನೇ ನೋಡುತ್ತ ಕೇಳಿದಳು, "ನಿಮ್ಮ ದೇವ್ರಿಗೆ ಮೊದಲಿಲ್ಲ, ಕೊನಿ ಇಲ್ಲ ಅಂತೀರಿ. ಮತ್ತ ಹುಟ್ಟಿದ ದಿನ ಎಲ್ಲಿಂದ ಬಂತ್ರಿ?"

ನರ್ಸಮ್ಮ ನಕ್ಕರು. "ಇದನ್ನ ನಮ್ಮ ಫಾದರ್‌ಗೆ ನಾನೂ ಕೇಳಿದ್ದೆ ತಂಗಿ. ಅವರು ಭಾಳ ಹೇಳಿದ್ರು, ನನಗ ತಿಳಿದಿದ್ದು ಇಷ್ಟ. ಆತಗ ಹೊತ್ತು ಅನ್ನೋದ ಇರಲಿಲ್ಲ. ನಮ್ಮ ಸಲುವಾಗಿ ಹೊತ್ತಿನೊಳಗ ಇಳದು ಬಂದ. ತಾಯಿ ಹೊಟ್ಯಾಗ ತಿಂಗಳ ತುಂಬೂತನಕ ಕಾದ. ಹಸದಾಗ ಅತ್ತ."

"ದೇವ್ರೂ ಕಾಯಬೇಕೇನ್ರಿ?"

"ಕಾಯದಿದ್ರ ನಮ್ಮವ ಆಗೂದು ಹೆಂಗ?"

ಅವ್ವ ಕೂಸಿನ ಕೆಳಗಿನ ಹುಲ್ಲನ್ನು ಬೆರಳಿನಿಂದ ಸರಿಪಡಿಸಿದಳು. ಆಮೇಲೆ ನಾನು ಎಂದೂ ಕೇಳಿರದ ಮಾತೊಂದು ಅವಳ ಬಾಯಿಂದ ಬಂತು. "ಈಕಿಗಿಂತ ಮೊದಲ ನನಗೊಂದು ಗಂಡು ಹುಟ್ಟಿತ್ರಿ. ಒಂದ ದಿನ ಇತ್ತು. ಹೆಸರೂ ಇಡಲಿಲ್ಲ. ಒಂದ ದಿನದ ಕೂಸಿಗೆ ಏನ್ ಅಳತಿ ಅಂದ್ರು ಮನ್ಯಾಗ."

ನರ್ಸಮ್ಮ ಅವ್ವನ ಕೈ ಹಿಡಿದುಕೊಂಡರು. ಆದದ್ದಾಯಿತು, ಮರೆತುಬಿಡು ಎನ್ನುತ್ತಾರೆ ಅಂದುಕೊಂಡೆ. ಅನ್ನಲಿಲ್ಲ. "ದೇವ್ರ ಇಳದು ಬಂದು ಬದುಕಿದ್ದು ನಮ್ಮ ಇಂಥಾ ದಿನಗಳೊಳಗ ತಂಗಿ. ಇವುಗಳೊಳಗ ಒಂದ ದಿನ ಅಂದ್ರೂ ಸಣ್ಣದಲ್ಲ," ಎಂದವರು ಮೆಲ್ಲಗೆ ಕೇಳಿದರು, "ಹೆಂಗಿತ್ತು ನಿನ್ನ ಕೂಸು?"

ಅಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ. ಅವ್ವ ಹೇಳುತ್ತ ಹೋದಳು... ತಲೆ ತುಂಬ ಕೂದಲು, ಕಿವಿಯ ಹಿಂದೊಂದು ಮಚ್ಚೆ, ಬೆರಳು ಕೊಟ್ಟರೆ ಬಿಡದೆ ಹಿಡಿಯುತ್ತಿದ್ದ ಮುಷ್ಟಿ. ಹೇಳುತ್ತ ಅತ್ತಳು, ನಡುವೆ ಒಮ್ಮೆ ನಕ್ಕಳು ಕೂಡ. ಒಲೆಯ ಮೇಲಿಟ್ಟ ಚಹಾ ಉಕ್ಕಿ ಸುರಿಯಿತು. ಯಾರೂ ಏಳಲಿಲ್ಲ.

ಮುಂದೆ ಪ್ರತಿ ಹಬ್ಬಕ್ಕೆ ನಮಗೆ ಕೇಕು ಕಳಿಸುವಾಗ ನರ್ಸಮ್ಮ ಒಂದು ತುಂಡು ಹೆಚ್ಚಿಗೆ ಇಡುತ್ತಿದ್ದರು. ಯಾಕೆಂದು ಅವ್ವ ಕೇಳಲಿಲ್ಲ. ಅದನ್ನು ತಾನೇ ತಿನ್ನುತ್ತಿದ್ದಳು.

ಆಮೇಲೆ ನರ್ಸಮ್ಮ ಕೊಪ್ಪಳಕ್ಕೆ, ಮಗಳ ಮನೆಗೆ ಹೋದರು. ಹೋದ ವರ್ಷ ತೀರಿಕೊಂಡರು... ನಮಗೆ ತಿಳಿದದ್ದು ಮಣ್ಣಾದ ಮೇಲೆ.

ಮೊನ್ನೆ ಮನೆಗೆ ಬಂದು ಅವ್ವನ ಎದುರು ಅವರ ಮಾತು ತೆಗೆದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಕೇಳವ್ರು ಹೋದ್ರು ನೋಡು," ಅಂದಳು.

"ನನಗ ಹೇಳಬೇ ಯವ್ವಾ. ಅಣ್ಣ ಹೆಂಗಿದ್ದ?"

ಅವನನ್ನು ನಾನು ಅಣ್ಣ ಎಂದದ್ದು ಅದೇ ಮೊದಲು. ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ಹತ್ತಿರ ಸರಿದು ಕೂತಳು.