ಹುರಳಿಯ ಮೇಲೆ ಮೂರು ಸುತ್ತು

ನಮ್ಮ ಮನೆಯಲ್ಲಿ ಹಾಲು ಹೊತ್ತಿದರೆ ಅದು ಮೊದಲು ತಿಳಿಯುವುದು ಪಕ್ಕದ ಮನೆಯವರಿಗೆ. ಅವರು ಗೋಡೆಯಾಚೆಯಿಂದ ಕೂಗುತ್ತಾರೆ, ನಾವು ಹೋಗಿ ಒಲೆ ಆರಿಸುತ್ತೇವೆ. ನಗಬೇಡಿ, ಎರಡು ವರ್ಷದಿಂದ ಈ ವ್ಯವಸ್ಥೆ ಸುಗಮವಾಗಿ ನಡೆದಿದೆ. ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದ ನನ್ನ ಮೂಗು ನನಗಿಂತ ಮೊದಲೇ ನಿವೃತ್ತಿಯಾಗಿತ್ತು. ಹೆಂಡತಿ ಶಾಂತಾಳದು ಹಾಗಲ್ಲ; ಒಗ್ಗರಣೆಯ ಸಾಸಿವೆ ತುಸು ಕರಿದಾದರೂ ಹಿತ್ತಲಲ್ಲಿ ನಿಂತೇ ಹೇಳುತ್ತಿದ್ದಳು. ಒಂದು ಜ್ವರ ಬಂತು, ಹೋಗುವಾಗ ಆ ಮೂಗಿನ ಶಕ್ತಿಯನ್ನೂ ಒಯ್ದಿತು. ತಿರುಗಿ ಬಂದರೂ ಬರಬಹುದು ಎಂದರು ಡಾಕ್ಟರು. ಬರದಿದ್ದರೂ ಅವರ ಮಾತು ಸುಳ್ಳಾಗುವಂತಿರಲಿಲ್ಲ.

ಕಳೆದ ತಿಂಗಳು ನಮ್ಮ ಸೊಸೆ ಕೊಕಟನೂರಿನ ತವರಿನಲ್ಲಿ ಹೆಣ್ಣುಮಗುವನ್ನು ಹಡೆದಳು. ಮೊಮ್ಮಗಳನ್ನು ನೋಡಲು ನಾವಿಬ್ಬರೂ ನಮ್ಮ ಹಳೆಯ ಕಾರಿನಲ್ಲಿ ಹೊರಟೆವು. ಅಥಣಿ ದಾಟಿದ ಮೇಲೆ ಶಾಂತಾ ನನ್ನ ಕಡೆ ತಿರುಗಿದಳು.

"ಎಲ್ಲಾರೂ ಕೂಸಿನ ನೆತ್ತಿ ಮೂಸ್ತಾರ. ನಾನೂ ಮೂಸಿದಂಗ ನಾಟಕ ಮಾಡಬೇಕೇನ್ರಿ?" ಎಂದಳು.

ನಾನು ಗೇರ್ ಬದಲಿಸಿದೆ. ಕಾರು ನಡೆಸುವವನಿಗೆ ಇರುವ ದೊಡ್ಡ ಅನುಕೂಲವೆಂದರೆ, ಉತ್ತರವಿಲ್ಲದಾಗ ರಸ್ತೆಯನ್ನು ನೋಡುತ್ತಿದ್ದರೆ ಸಾಕು, ಜವಾಬ್ದಾರಿಯುತ ಮನುಷ್ಯನೆಂದೇ ಎಣಿಕೆಯಾಗುತ್ತದೆ.

ಆ ರಸ್ತೆಯ ಮೇಲೆ ಕಿತ್ತ ಹುರಳಿಯನ್ನು ಬಳ್ಳಿಸಮೇತ ಉದ್ದಕ್ಕೆ ಹಾಸಿದ್ದರು. ಹೋಗಿಬರುವ ಗಾಡಿಗಳ ಗಾಲಿಗೆ ಸಿಕ್ಕು ಕಾಳು ಬಿಡಲೆಂದು ನಮ್ಮ ಕಡೆ ಹೀಗೆ ಹಾಸುತ್ತಾರೆ. ಕಣ ಮಾಡಿ ತುಳಿಸುವ ಶ್ರಮ ಉಳಿಯುತ್ತದೆ. ಪಕ್ಕಕ್ಕೆ ಸರಿದು ಹೋಗುವ ಕಾರಿನವನನ್ನು ಜನ ಸೊಕ್ಕಿನವನೆಂದು ತಿಳಿಯುತ್ತಾರೆ. ನಾನು ಸೊಕ್ಕಿನವನಲ್ಲ, ಮೇಲೆಯೇ ಹಾಯಿಸಿದೆ. ಹೊಲದ ಯಜಮಾನ ಕೈಯೆತ್ತಿದ.

"ಕಾರ್ ಭಾಳ ಚಲೋ ತುಳದೈತಿ ಸರ, ಇನ್ನೊಂದ ಸುತ್ತ ಹೊಡೀರಲಾ."

ಮೂವತ್ತು ವರ್ಷದ ನೌಕರಿಯಲ್ಲಿ ನನ್ನ ಕೆಲಸವನ್ನು ಯಾರೂ ಹೀಗೆ ಹೊಗಳಿರಲಿಲ್ಲ. ಇನ್ನೊಂದು ಸುತ್ತು ಹೊಡೆದೆ. ಮೂರನೆಯದನ್ನು ಅವನು ಕೇಳಲಿಲ್ಲ, ನಾನಾಗಿಯೇ ಹೊಡೆದೆ.

ಅಲ್ಲಿಂದ ಒಂದು ಮೈಲಿ ಹೋಗಿರಬಹುದು. "ಏನೋ ಸುಡಾಕತ್ತೈತ್ರಿ" ಎಂದಳು ಶಾಂತಾ.

"ಯಾರೋ ಕಬ್ಬಿನ ಒಣ ರವದಿಗೆ ಬೆಂಕಿ ಹಚ್ಚಿರಬೇಕು ತಗೊ."

"ಇಲ್ಲಿ ಕಬ್ಬ ಎಲ್ಲೈತ್ರಿ?"

ಸುತ್ತ ನೋಡಿದೆ. ಒಣ ಬೇಸಾಯದ ನೆಲ. ಕಬ್ಬಿನ ಒಂದು ಗರಿಯೂ ಇರಲಿಲ್ಲ. ಆದರೂ ಗೆಳೆಯರೇ, ಗಂಡನಾದವನು ಒಂದು ವಾದ ಬಿದ್ದ ಕೂಡಲೇ ಇನ್ನೊಂದನ್ನು ಎತ್ತಿ ನಿಲ್ಲಿಸುತ್ತಾನೆ. "ನಿನಗ ವಾಸನೀನ ಬರೂದಿಲ್ಲಲಾ" ಎಂದುಬಿಟ್ಟೆ. ಆ ಮಾತಿಗಾಗಿ ಇವತ್ತಿಗೂ ನನಗೆ ನಾಚಿಕೆಯಿದೆ.

ಅವಳ ಮಾತಿನ ಮರ್ಯಾದೆಗಾದರೂ ಇರಲೆಂದು ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಬಲ್ಲವನಂತೆ ಒಳಗೆ ನೋಡಿದೆ. ನೀರಿತ್ತು, ಆಯಿಲ್ ಇತ್ತು, ಬೆಲ್ಟ್ ನೆಟ್ಟಗಿತ್ತು. ಹ್ಯಾಂಡ್‌ಬ್ರೇಕ್ ಹಾಕಿಕೊಂಡೇ ಓಡಿಸಿದೆನೇ ಎಂದು ನೋಡಿದರೆ ಅದೂ ಇಲ್ಲ. ಕಾರು ಆರೋಗ್ಯವಾಗಿದೆ ಎಂದು ನಾನು ತೀರ್ಪು ಕೊಡುವ ಹೊತ್ತಿಗೆ ಶಾಂತಾ ಬಗ್ಗಿ, "ಕೆಳಗ ನೋಡ್ರಿ" ಎಂದಳು. ಅಡಿಯಲ್ಲಿ ಹುರಳಿಯ ಬಳ್ಳಿ ಸೈಲೆನ್ಸರ್ ಪೈಪಿಗೆ ಸುತ್ತಿಕೊಂಡು ಹೊಗೆಯಾಡುತ್ತಿತ್ತು. ಒಂದೆಡೆ ಕೆಂಡವೂ ಕಂಡಿತು. ಅವಳನ್ನು ಎಳೆದುಕೊಂಡು ದೂರ ಸರಿದೆ. ಅವಳು ಹೇಳಿರದಿದ್ದರೆ ನಾನು ಇನ್ನೂ ಓಡಿಸುತ್ತಲೇ ಇರುತ್ತಿದ್ದೆ.

ಹೊಗೆ ಕಂಡ ಹೊಲದ ಯಜಮಾನ ಬೈಕಿನ ಮೇಲೆ ಕೊಡ ನೀರು, ಕುಡಗೋಲು ಹಿಡಿದು ಬಂದ. ಮಣ್ಣೆರಚಿ, ನೀರು ಚಿಮುಕಿಸಿ, ನೆಲಕ್ಕೊರಗಿ ಬಳ್ಳಿಯನ್ನು ಕೊಯ್ದು ಕೊಯ್ದು ಎಳೆದ. ಎಲ್ಲ ಮುಗಿದ ಮೇಲೆ ಸುಟ್ಟ ರಾಶಿಯನ್ನು ಕಾಲಿನಿಂದ ಕೆದರಿ, "ಇದರಾಗೂ ಕಾಳ ಅದಾವ್ರಿ" ಎಂದ. ಬೇಕಾದರೆ ಒಯ್ಯಿರಿ ಎಂಬಂತೆ ನನ್ನನ್ನು ನೋಡಿದ.

ಇಂಜಿನ್ ಆರುವವರೆಗೆ ಬೇವಿನ ನೆರಳಲ್ಲಿ ಕೂತೆವು. ಆಗ ನನಗೆ ತಡವಾಗಿ ಹೊಳೆಯಿತು. ವಾಸನೆ ಬಂದದ್ದು ಅವಳಿಗೆ. ಬೆಂಕಿ ಹುಡುಕುವ ಗದ್ದಲದಲ್ಲಿ, ನಾವು ಎರಡು ವರ್ಷ ಕಾದಿದ್ದ ಅತಿಥಿ ಬಾಗಿಲಿಗೆ ಬಂದದ್ದನ್ನು ನಾನು ಗಮನಿಸಿಯೇ ಇರಲಿಲ್ಲ. ಅವಳಿಗೆ ಹೇಳಿದೆ. ಅವಳು ಹಿಗ್ಗಲಿಲ್ಲ.

"ಬೆಂಕೀದು ದೊಡ್ಡ ವಾಸನಿರಿ. ಕೂಸಿಂದು ಭಾಳ ಸಣ್ಣದು" ಎಂದಳು.

ಉಳಿದ ದಾರಿಯನ್ನು ನಿಧಾನವಾಗಿ ಕ್ರಮಿಸಿದೆ. ಇನ್ನೂ ಎರಡು ಕಡೆ ಹುರಳಿ ಹಾಸಿದ್ದರು. ಎರಡೂ ಕಡೆ ಸೊಕ್ಕಿನವನಾಗಿ ಪಕ್ಕಕ್ಕೆ ಸರಿದು ಹೋದೆ.

ಕೊಕಟನೂರಿನಲ್ಲಿ ಬೀಗಿತಿ ಮಗುವನ್ನು ತಂದು ಶಾಂತಾಳ ಕೈಗಿತ್ತರು. ಅವಳು ಕಣ್ಣು ಮುಚ್ಚಿ ನೆತ್ತಿಗೆ ಮೂಗು ಹಚ್ಚಿದಳು. ಹಾಗೇ ಬಹಳ ಹೊತ್ತು ನಿಂತಳು. ಕೊನೆಗೆ ತಲೆಯೆತ್ತಿ, "ಬಟ್ಟಿ ಬದಲ ಮಾಡಬೇಕ್ರಿ, ಕೂಸು ಹೊಲಸ ಮಾಡ್ಕೊಂಡೈತಿ" ಎಂದಳು.

ಬೀಗಿತಿ ಸಂಕೋಚದಿಂದ ಕೈ ಚಾಚಿದರು. ಶಾಂತಾ ಮಗುವನ್ನು ಕೊಡಲಿಲ್ಲ. ಅಳುತ್ತಲೇ ಇನ್ನೊಂದು ಸಲ ಮೂಸಿದಳು.