ಮಗಳಿಗೆ ಹಗಲನ್ನು ತೋರಿಸಿದ್ದು

ಮಗಳು ಹುಟ್ಟುವ ಮೊದಲು ನಾನು ವಿದ್ಯಾರಣ್ಯಪುರದಿಂದ ಮೆಜೆಸ್ಟಿಕ್‌ಗೆ ಹೋಗುವ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದೆ. ಈಗಲೂ ಅದೇ ಕೆಲಸ. ಬಸುರಿಯಾಗಿದ್ದಾಗ ಏಳನೇ ತಿಂಗಳವರೆಗೂ ಬಸ್ಸಿನಲ್ಲೇ ಓಡಾಡಿದೆ. ಆಮೇಲೆ ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಬಸ್ಸಿನಲ್ಲಿದ್ದಷ್ಟು ಹೊತ್ತೂ ಹೊಟ್ಟೆಯೊಳಗಿನ ಜೀವ ತೆಪ್ಪಗಿರುತ್ತಿತ್ತು. ಮತ್ತಿಕೆರೆಯ ಹಂಪುಗಳಿರಲಿ, ಯಶವಂತಪುರದ ಹಾರ್ನುಗಳಿರಲಿ, ಒಂದಿಷ್ಟೂ ಮಿಸುಕಾಡುತ್ತಿರಲಿಲ್ಲ. ರಾತ್ರಿ ಮನೆಗೆ ಬಂದು ಹಾಸಿಗೆಯ ಮೇಲೆ ಬೆನ್ನು ಚಾಚಿದ ತಕ್ಷಣ ಒಳಗಿನಿಂದ ಒದೆತ ಶುರುವಾಗುತ್ತಿತ್ತು. ಹೊರಗೆ ಬಂದ ಮೇಲೂ ಇದೇ ಪಾಳಿ ನಡೆಯುತ್ತದೆ ಎಂದು ನನಗೆ ಆಗ ಹೊಳೆಯಲಿಲ್ಲ.

ನನ್ನ ತಾಯಿ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಹಾಗಾಗಿ ಬಾಣಂತನ ಮಾಡಿದ್ದು ಅತ್ತೆಯೇ. ನಮ್ಮದು ಮೊದಲ ಮಹಡಿಯ ಪುಟ್ಟ ಬಾಡಿಗೆ ಮನೆ. ಒಳಕೋಣೆಯಲ್ಲಿ ನಾನು, ಮಗು, ಅತ್ತೆ. ಹೊರಗಿನ ಹಾಲ್‌ನಲ್ಲಿ ನನ್ನ ಗಂಡ. ಅವರು ಎಲೆಕ್ಟ್ರಿಷಿಯನ್. ಮಗಳು ಹುಟ್ಟಿದ್ದು ಕಾರ್ತಿಕದಲ್ಲಿ. ಬೆಂಗಳೂರಿನ ಚಳಿ ಆಗಷ್ಟೇ ಶುರುವಾಗುತ್ತಿತ್ತು. ಆಸ್ಪತ್ರೆಯಿಂದ ಬಂದ ದಿನವೇ ಅತ್ತೆ ಕೋಣೆಯ ಕಿಟಕಿ ಮುಚ್ಚಿ, ಅದರ ಮೇಲೆ ದಪ್ಪ ಬೆಡ್‌ಶೀಟು ಇಳಿಬಿಟ್ಟರು. ಬಾಣಂತಿಗೆ ಥಂಡಿ ಗಾಳಿ ಸೋಕಬಾರದು, ಮಗುವಿನ ಕಣ್ಣಿಗೆ ಬೆಳಕು ಚುಚ್ಚಬಾರದು. ಅಷ್ಟೇ ಅಲ್ಲ, ಮನೆಯಲ್ಲಿ ಸದ್ದೂ ಆಗಬಾರದು. ಕುಕ್ಕರ್ ಕೂಗುತ್ತದೆಂದು ಅನ್ನವನ್ನು ಪಾತ್ರೆಯಲ್ಲೇ ಬೇಯಿಸಿ ಬಸಿಯುತ್ತಿದ್ದರು. ಟೀವಿಯಲ್ಲಿ ಮುಖಗಳು ಮಾತ್ರ ಅಳುತ್ತಿದ್ದವು, ದನಿ ಇರಲಿಲ್ಲ. ಕೆಳಗೆ ಸೊಪ್ಪಿನವನು ಕೂಗಿದರೆ ಬಾಲ್ಕನಿಗೆ ಓಡಿ, ತುಟಿಯ ಮೇಲೆ ಬೆರಳಿಟ್ಟು, ಮುಂದೆ ಹೋಗೆಂದು ಕೈಸನ್ನೆ ಮಾಡುತ್ತಿದ್ದರು.

ಬೆಳಿಗ್ಗೆ ಎಣ್ಣೆ ಹಚ್ಚಿ ನೀರೆರೆದು, ಸಾಂಬ್ರಾಣಿ ಹೊಗೆ ತೋರಿಸಿ ಮಲಗಿಸಿದರೆ ಮಗಳು ಸಂಜೆಯವರೆಗೂ ನಿದ್ದೆ. ಹಾಲಿಗೆ ಎದ್ದರೂ ಕಣ್ಣು ಪೂರ್ತಿ ಬಿಡುತ್ತಿರಲಿಲ್ಲ. ಬೀದಿಯಲ್ಲಿ ಕೊನೆಯ ಸ್ಕೂಟರಿನ ಸದ್ದು ಅಡಗಿದ ಮೇಲೆ ಅವಳಿಗೆ ಬೆಳಗಾಗುತ್ತಿತ್ತು. ಅಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಜೀರೋ ಬಲ್ಬಿನ ನೀಲಿ ಬೆಳಕಿನಲ್ಲಿ ಆ ಕಣ್ಣುಗಳು ಕೆರೆಯ ನೀರಿನ ಹಾಗೆ ಹೊಳೆಯುತ್ತಿದ್ದವು. ಎತ್ತಿಕೊಂಡು ಓಡಾಡಿದರೆ ಸಮಾಧಾನ, ಕೆಳಗಿಟ್ಟರೆ ಮಾತ್ರ ಅಳು. ಗೋಡೆಯಿಂದ ಬಾಗಿಲಿಗೆ, ಬಾಗಿಲಿಂದ ಗೋಡೆಗೆ ನಡೆಯುತ್ತ ನಡೆಯುತ್ತ ನಾನು ಎಚ್ಚರದಲ್ಲಿದ್ದೇನೋ ನಿದ್ದೆಯಲ್ಲಿದ್ದೇನೋ ತಿಳಿಯುತ್ತಿರಲಿಲ್ಲ. ಕಾಲ ಕೆಳಗಿನ ನೆಲ ಮೆಲ್ಲಗೆ ತೂಗಿದಂತೆ, ಮೊಸಾಯಿಕ್ ಕಲ್ಲಿನ ಚುಕ್ಕೆಗಳು ಒಂದೊಂದಾಗಿ ಮೇಲೆದ್ದು ತೇಲಿದಂತೆ ಅನಿಸುತ್ತಿತ್ತು. ಒಮ್ಮೆ ನೀರು ಕುಡಿಯಲು ಎದ್ದ ಗಂಡ ಬಾಗಿಲಲ್ಲಿ ನಿಂತಿದ್ದರಂತೆ. ನಾನು ಅವರ ಮುಖವನ್ನೇ ನೋಡುತ್ತ, "ಒಳಗ್ ಹೋಗಿ ಸಾರ್, ಜಾಗ ಇದೆ" ಅಂದೆನಂತೆ.

"ಎಲ್ಲಿಗೆ ಹೋಗ್ಲಿ?" ಎಂದು ಅವರು ಕೇಳಿದರಂತೆ.

"ಮಲ್ಲೇಶ್ವರಂ ಆದ್ಮೇಲೆ ಸೀಟ್ ಸಿಗುತ್ತೆ."

ಬೆಳಿಗ್ಗೆ ಅವರು ಇದನ್ನು ಹೇಳಿ ನಕ್ಕಾಗ ನನಗೆ ಅಳು ಬಂತು. ನಗುತ್ತಿದ್ದವರು ಗಾಬರಿಯಾಗಿ ಕಾಫಿ ಲೋಟ ಕೆಳಗಿಟ್ಟರು. ಅತ್ತೆ ಮಗುವನ್ನು ನನ್ನ ಮಡಿಲಿನಿಂದ ಎತ್ತಿಕೊಂಡು ಹೋದರು.

ಒಂದೂವರೆ ತಿಂಗಳ ಸೂಜಿ ಹಾಕಿಸಲು ಅತ್ತೆಯ ಜೊತೆ ಆರೋಗ್ಯ ಕೇಂದ್ರಕ್ಕೆ ಹೋದಾಗ ಅಲ್ಲಿನ ನರ್ಸ್ ನನ್ನ ಮುಖ ನೋಡಿದರು. "ಮಗು ಚೆನ್ನಾಗಿದೆ. ನಿಮ್ಗೇನಾಗಿದೆ?" ಎಂದರು. ರಾತ್ರಿಯ ಎಚ್ಚರ, ಮುಚ್ಚಿದ ಕೋಣೆ, ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ರೂಮಲ್ಲಿ ಕೂತ್ರೆ ಈಗ ಹಗಲೋ ರಾತ್ರಿಯೋ ಅಂತ ನಿಮಗೇ ಗೊತ್ತಾಗುತ್ತಾ?"

ನಾನು ಅತ್ತೆಯ ಕಡೆ ನೋಡಲಿಲ್ಲ. ನರ್ಸ್ ಇಬ್ಬರಿಗೂ ಸೇರಿಸಿಯೇ ಹೇಳಿದರು: ಇಷ್ಟು ಚಿಕ್ಕ ಮಗುವಿಗೆ ರಾತ್ರಿ ಅನ್ನುವುದೇ ಗೊತ್ತಿಲ್ಲ, ನಿಧಾನಕ್ಕೆ ಗೊತ್ತಾಗುತ್ತದೆ. ಹಗಲು ಹಗಲಿನ ಹಾಗೇ ಇರಲಿ, ಬೆಳಕು, ಮಾತು, ಪಾತ್ರೆಯ ಸದ್ದು ಎಲ್ಲ ಇರಲಿ. ರಾತ್ರಿ ಹಾಲು ಕೊಡಿ, ಬಟ್ಟೆ ಬದಲಿಸಿ, ಆದರೆ ದೀಪ ಹಾಕಬೇಡಿ, ಆಡಿಸಬೇಡಿ.

ಆಟೋದಲ್ಲಿ ಮನೆ ಮುಟ್ಟುವವರೆಗೂ ಅತ್ತೆ ಹೊರಗಿನ ರಸ್ತೆಯನ್ನೇ ನೋಡುತ್ತಿದ್ದರು. ನನಗೆ ಭಯವಾಯಿತು. ನಾನೇ ದೂರು ಹೇಳಿಸಿದೆ ಅಂದುಕೊಂಡರೇನೋ ಎಂದು. ಮಧ್ಯಾಹ್ನ ಬೆಳ್ಳುಳ್ಳಿ ಸುಲಿಯುತ್ತ ನನ್ನ ಹಾಸಿಗೆಯ ಪಕ್ಕ ಕೂತರು. ಒಂದು ಗಡ್ಡೆ ಸುಲಿದು ಮುಗಿಸಿ ತಾವಾಗಿ ಮಾತು ತೆಗೆದರು.

"ನಿನ್ ಗಂಡ ಹುಟ್ಟಿದಾಗ ನಾವು ಮತ್ತಿಕೆರೆ ವಠಾರದಲ್ಲಿದ್ವಿ. ಒಂದೇ ರೂಮು. ಪಕ್ಕದ್ಮನೆಯೋರು ಜಾಲಹಳ್ಳಿ ಕಡೆ ಫ್ಯಾಕ್ಟ್ರೀಲಿ ನೈಟ್ ಶಿಫ್ಟು. ಹಗಲೊತ್ತು ಮಲಗೋರು. ಇವ್ನು ಕುಯ್ ಅಂದ್ರೆ ಸಾಕು, ಗೋಡೆ ಗುದ್ದೋರು. ನಾನು ಇವ್ನ ಬಾಯಿಗೆ ಸೆರಗು ಅಡ್ಡ ಇಟ್ಕೊಂಡು, ಬಾಗಿಲು ಹಾಕ್ಕೊಂಡು, ಕತ್ತಲಲ್ಲೇ ಕೂತಿರ್ತಿದ್ದೆ. ಒಂದು ಚಮಚ ಕೆಳಗ್ ಬಿದ್ರೂ ಎದೆ ಧಸಕ್ ಅನ್ನೋದು."

"ಇಲ್ಲಿ ಯಾರ್ ಗುದ್ತಾರೆ ಅತ್ತೆ?" ಎಂದೆ.

"ಯಾರೂ ಇಲ್ಲ ಕಣಮ್ಮ. ಅದು ನಂಗೂ ಗೊತ್ತು." ಬೆಳ್ಳುಳ್ಳಿ ಸಿಪ್ಪೆಯನ್ನು ಸೆರಗಿಗೆ ಒಟ್ಟುಮಾಡಿಕೊಂಡು ಎದ್ದು ಹೋದರು.

ಮರುದಿನ ಬೆಳಿಗ್ಗೆ ಒಂದು ದೊಡ್ಡ ಸದ್ದಿಗೆ ನಾನು ಬೆಚ್ಚಿಬಿದ್ದೆ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಚಟ್ನಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತೇ ತಿರುಗಿತು. ಮಗಳು ಕೈಕಾಲು ಅಗಲಿಸಿ ಒಮ್ಮೆ ನಡುಗಿದಳು, ಅಳಲಿಲ್ಲ. ಅತ್ತೆ ಬಂದು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಸ್ಟೂಲು ತಂದು ಹತ್ತಿ, ಕಿಟಕಿಯ ಬೆಡ್‌ಶೀಟು ಬಿಚ್ಚಿದರು. ಕಿಟಕಿ ತೆರೆಯಲಿಲ್ಲ, ಗಾಜಿನ ಮೂಲಕ ಬಿಸಿಲು ಮಾತ್ರ ಒಳಗೆ ಬಂತು. ಎಣ್ಣೆ, ಹೊಗೆ, ಹಾಲಿನ ವಾಸನೆ ತುಂಬಿದ್ದ ಆ ಕೋಣೆಯಲ್ಲಿ ಧೂಳಿನ ಕಣಗಳು ಚಿನ್ನದ ಹಿಟ್ಟಿನ ಹಾಗೆ ಸುಳಿಯುವುದನ್ನು ನಾನು ಎಷ್ಟೋ ಹೊತ್ತು ನೋಡುತ್ತ ಮಲಗಿದ್ದೆ. ಅಷ್ಟು ದಿನ ನನಗೂ ಹಗಲಿರಲಿಲ್ಲ ಎಂದು ಆಗ ತಿಳಿಯಿತು.

ಆಮೇಲೆ ಒಂದೊಂದೇ ಬದಲಾವಣೆಯಾಯಿತು. ಸ್ನಾನವಾದ ಮೇಲೆಯೇ ಅವಳಿಗೆ ಉದ್ದನೆಯ ನಿದ್ದೆ ಬರುವುದನ್ನು ಕಂಡಿದ್ದೆ. "ನೀರು ಸಂಜೆ ಹಾಕೋಣ್ವಾ ಅತ್ತೆ?" ಎಂದು ಕೇಳಿದೆ. ಚಳಿಯಲ್ಲಿ ಸಂಜೆ ಬೇಡವೇ ಬೇಡ ಎಂದರು. ಎರಡು ದಿನ ಬಿಟ್ಟು ತಾವೇ, "ಬಿಸಿಲು ಇಳಿಯೋ ಮುಂಚೆ ಆದ್ರೆ ಹಾಕ್ಬೋದು" ಎಂದರು. ಮಣೆಯ ಮೇಲೆ ಕೂತು, ಕಾಲು ಚಾಚಿ, ಆ ಕಾಲುಗಳ ನಡುವೆ ಮಗುವನ್ನು ಮಲಗಿಸಿಕೊಂಡು, ಬಿಸಿನೀರು ಹೊಯ್ಯುತ್ತ ದಿನದ ಸುದ್ದಿಯನ್ನೆಲ್ಲ ಅದಕ್ಕೆ ಗಟ್ಟಿಯಾಗಿ ಹೇಳುವರು. ಓನರ್ ಮನೆಯ ನಾಯಿ ಯಾರನ್ನು ನೋಡಿ ಬೊಗಳಿತು, ಟೊಮೇಟೊ ಹೇಗೆ ಕೊಳೆತಿತ್ತು, ಎಲ್ಲ. ಕತ್ತಲಾದ ಮೇಲೆ ಪಿಸುಮಾತು ಮಾತ್ರ.

ಎಲ್ಲಕ್ಕಿಂತ ಕಷ್ಟವಾದದ್ದು ನನ್ನ ಗಂಡನಿಗೆ. ಕೆಲಸ ಮುಗಿಸಿ ಅವರು ಬರುವ ಹೊತ್ತಿಗೆ ಮಗಳು ಕಣ್ಣರಳಿಸುತ್ತಿದ್ದಳು. ಅವರಿಗೆ ಸಿಗುತ್ತಿದ್ದದ್ದು ಆ ಹೊತ್ತು ಒಂದೇ. "ಬಂಗಾರಿ, ಅಪ್ಪ ಬಂದ ನೋಡು" ಎಂದು ಶುರುಮಾಡಿದರೆ ಅವಳ ಮುಖವೆಲ್ಲ ಬಾಯಾಗುತ್ತಿತ್ತು. "ನೋಡ್ಬೇಡ ಕಣೋ, ನೋಡಿದ್ರೆ ನಗ್ತಾಳೆ, ನಕ್ರೆ ಮಲಗಲ್ಲ" ಎಂದು ಅತ್ತೆ ಅವರನ್ನು ಹೊರಗೆ ಎಳೆದುಕೊಂಡು ಹೋಗುತ್ತಿದ್ದರು. ಕೆಲವು ದಿನ ಗಂಡ ಮುನಿಸಿಕೊಂಡೇ ಊಟ ಮಾಡಿದರು. ಕೊನೆಗೆ ಒಂದು ದಾರಿ ಹುಡುಕಿದರು. ಹತ್ತಿರದಲ್ಲಿ ಕೆಲಸವಿದ್ದರೆ ಮಧ್ಯಾಹ್ನ ಊಟಕ್ಕೆ ಮನೆಗೆ ಬರುವುದು, ಊಟಕ್ಕಿಂತ ಮೊದಲು ಮಗಳನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಲ್ಲುವುದು. ಅವರ ಅಂಗಿಯ ಜೇಬಿನಲ್ಲಿ ಸದಾ ಟೆಸ್ಟರ್ ಇರುತ್ತಿತ್ತು. ಅದರ ಹಳದಿ ಹಿಡಿಯನ್ನು ಮಗಳು ನೋಡುವಳು, ಅವಳು ನೋಡುವುದನ್ನು ಅವರು ನೋಡುವರು. ನಾನು ತಟ್ಟೆ ಹಾಕಿಕೊಂಡು ಕಾಯುವೆ.

ಒಂದೇ ರಾತ್ರಿಯಲ್ಲಿ ಏನೂ ಆಗಲಿಲ್ಲ. ಒಂದು ವಾರ ಚೆನ್ನಾಗಿ ಮಲಗಿದವಳು ಮುಂದಿನ ವಾರ ನೆಗಡಿ ಬಂದು ಎಲ್ಲ ಮರೆತಳು. ಎಚ್ಚರವಿರುವ ಹೊತ್ತು ಮಾತ್ರ ಸ್ವಲ್ಪ ಸ್ವಲ್ಪವೇ ಸರಿಯುತ್ತ, ನಡುರಾತ್ರಿಯಿಂದ ಜಾರಿ ಮುಂಜಾವಿಗೆ ಬಂತು. ನಡುರಾತ್ರಿ ಎದ್ದರೂ ಹಾಲು ಕುಡಿದು, ಕತ್ತಲನ್ನೇ ಒಂದು ಗಳಿಗೆ ನೋಡಿ, ತಾನಾಗಿ ಕಣ್ಣು ಮುಚ್ಚುತ್ತಿದ್ದಳು. ನಾವು ಕಲಿಸಿದ್ದರಿಂದ ಆಯಿತೋ, ವಯಸ್ಸಿಗೆ ಬಂದದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಚಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಎಚ್ಚರವಾದಾಗ ಕೋಣೆಯ ತುಂಬ ಬೆಳಕಿತ್ತು. ಪಕ್ಕದಲ್ಲಿ ಸದ್ದಿಲ್ಲ. ಗಾಬರಿಯಿಂದ ಮಗಳ ಎದೆಯ ಮೇಲೆ ಅಂಗೈ ಇಟ್ಟೆ. ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ಆಚೆ ಬದಿಯಿಂದ ಅತ್ತೆಯ ಕೈಯೂ ಅಷ್ಟೇ ಗಾಬರಿಯಲ್ಲಿ ಬಂದು ನನ್ನ ಕೈಯ ಮೇಲೆ ಬಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ರಾತ್ರಿ ಎಷ್ಟ್ ಸಲ ಎದ್ಲು?" ಎಂದು ಪಿಸುಗುಟ್ಟಿದರು.

"ಮಲಗೋವಾಗ ಹಾಲು ಕೊಟ್ಟಿದ್ದಷ್ಟೇ, ಅತ್ತೆ. ಆಮೇಲೆ ನಂಗೆ ಏನೂ ಗೊತ್ತಿಲ್ಲ."

ರವಿಕೆಯೆಲ್ಲ ಹಾಲಿನಲ್ಲಿ ಒದ್ದೆಯಾಗಿತ್ತು. ಬಟ್ಟೆ ಬದಲಿಸಿಕೊಂಡು ಬರುವಷ್ಟರಲ್ಲಿ ಅತ್ತೆ ಎರಡು ಲೋಟ ಕಾಫಿ ಹಿಡಿದು ಬಾಲ್ಕನಿಯಲ್ಲಿ ನಿಂತಿದ್ದರು. ಎದುರಿನ ಸಾಲುಮರಗಳಲ್ಲಿ ಎಲೆಯೇ ಇಲ್ಲದೆ ಗುಲಾಬಿ ಬಣ್ಣದ ಹೂ ತುಂಬಿತ್ತು. ಕೆಳಗೆ ರಸ್ತೆಯ ಮೇಲೂ ಹಾಸಿಕೊಂಡಿತ್ತು. ಒಂದು ಸ್ಕೂಲ್ ವ್ಯಾನ್ ಅದರ ಮೇಲೆ ಹಾದು ಹೋಯಿತು.

"ಯಾವಾಗ್ ಹೂ ಬಿಡ್ತಮ್ಮ ಇದು?" ಎಂದು ಅತ್ತೆ ಕೇಳಿದರು.

ನಾನೂ ನೋಡಿರಲಿಲ್ಲ. ಕಾಫಿ ತಣ್ಣಗಾಗುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದೆವು.