ಎಡಕ್ಕೆ ಎಂದವಳು ನಾನೇ

ದಾರಿ ಕೇಳಿದವರಿಗೆ ಈಗ ನಾನು ಮೊದಲು ಕೇಳುವುದು, ಯಾವ ಕಡೆಯಿಂದ ಬರುತ್ತೀರಿ ಎಂದು. ಈ ಬುದ್ಧಿ ಬಂದದ್ದು ಒಬ್ಬನ ಕೆಲಸ ಕಳೆದ ಮೇಲೆ.

ಉಮ್ಮಚಗಿ ಹತ್ತಿರದ ನಮ್ಮ ಮನೆಗೆ ಆಗಷ್ಟೇ ಫೋನಿನ ಸಂಪರ್ಕ ಬಂದಿತ್ತು. ಕಾಲೇಜಿನಲ್ಲಿ ಜೊತೆಗಿದ್ದ ಹಾವೇರಿಯ ಗೆಳತಿ ಒಂದು ಬೆಳಿಗ್ಗೆ ಮಾತನಾಡಿದಳು. ಅವಳ ಆಪರೇಷನ್ ಸುಸೂತ್ರವಾದರೆ ಚಂದಗುಳಿ ಗಣಪತಿಗೆ ಗಂಟೆ ಕಟ್ಟುತ್ತೇನೆಂದು ಅವಳ ತಾಯಿ ಹರಕೆ ಹೊತ್ತಿದ್ದರಂತೆ. ಅವತ್ತು ಗಂಟೆ ಕಟ್ಟುವವರೆಗೆ ತಾಯಿ ಏನೂ ತಿನ್ನುವುದಿಲ್ಲ, ನೀರೂ ಕುಡಿಯುವುದಿಲ್ಲ. ಅವರ ಮನೆಯ ಕಾರಿನಲ್ಲಿ ಬಂದು, ನನ್ನನ್ನೂ ಕರೆದುಕೊಂಡು ಮಧ್ಯಾಹ್ನದ ಮಂಗಳಾರತಿಗೆ ಮುಟ್ಟಬೇಕು.

"ಡ್ರೈವರಗ ನೀನ ಹೇಳವಾ ದಾರಿ," ಎಂದು ಫೋನು ಅವನ ಕೈಗೆ ಕೊಟ್ಟಳು.

ಹಾಲಿನ ಡೈರಿ, ಅದರ ಪಕ್ಕ ಬಸ್ ತಂಗುದಾಣ, ಅಲ್ಲಿ ಎಡಕ್ಕೆ ತಿರುಗು ಎಂದೆ. ನಾನು ಬಸ್ಸಿನಲ್ಲಿ ಬರುವುದೆಲ್ಲ ಯಲ್ಲಾಪುರ ಪೇಟೆಯಿಂದ. ಆ ಕಡೆಯಿಂದ ಬಂದರೆ ನಮ್ಮ ತಿರುವು ಎಡಕ್ಕೇ. ಅವರು ಶಿರಸಿ ಕಡೆಯಿಂದ ಬರುವವರು ಎಂಬುದು ತಲೆಗೇ ಹೋಗಲಿಲ್ಲ. ಡೈರಿಯ ಎದುರಿಗೆ ಇನ್ನೊಂದು ಮಣ್ಣಿನ ರಸ್ತೆಯೂ ಇದೆ; ಶಿರಸಿಯಿಂದ ಬಂದವರಿಗೆ ಎಡಕ್ಕೆ ಸಿಗುವುದು ಅದೇ. ಅದು ಕಾಡಿನೊಳಗೆ ಎಷ್ಟು ದೂರ ಬೇಕಾದರೂ ಹೋಗುತ್ತದೆ.

ಅವರು ಮನೆ ಮುಟ್ಟಿದಾಗ ಎರಡು ಗಂಟೆಯಾಗಿತ್ತು. ತಾಯಿಯ ತುಟಿ ಒಣಗಿತ್ತು. ನೀರು ಕೊಟ್ಟರೆ ಕೈಯಲ್ಲೇ ತಡೆದರು. ಗೆಳತಿ ಡ್ರೈವರನ ಮೇಲೆ ಹರಿಹಾಯ್ದಳು, "ಎಡ ಯಾವದು ಬಲ ಯಾವದು ತಿಳಿಯಂಗಿಲ್ಲೇನು ನಿನಗ?"

ಅವನು ನನ್ನ ಕಡೆ ನೋಡಿದ. "ಅಕ್ಕಾರ, ನೀವು ಎಡಕ್ಕ ಅಂದಿದ್ರಿ."

"ಇಲ್ಲಪ್ಪ, ನಾ ಬಲಕ್ಕೆ ಅಂತ್ಲೇ ಹೇಳಿದ್ದೆ." ಅಷ್ಟು ಸಲೀಸಾಗಿ ಬಂತು ಬಾಯಿಗೆ. ಅವನು ಹೋಗಿ ಕಾರಿನ ಗಾಜು ಒರೆಸತೊಡಗಿದ.

ಒಳಗೆ ಬಂದಾಗ ಯಜಮಾನರು ಮೆಲ್ಲಗೆ ಅಂದರು, "ನೀ ಎಡಕ್ಕೆ ಹೇಳಿದ್ದು ಆನು ಪಕ್ಕದಲ್ಲೇ ಕೂತು ಕೇಳಿದ್ನಲೇ?"

"ನಿಂಗ ಸುಮ್ನಿರಿ," ಎಂದೆ.

ಚಂದಗುಳಿಯಲ್ಲಿ ಭಟ್ಟರು ಊಟಕ್ಕೆ ಹೊರಟವರು ನಮ್ಮನ್ನು ಕಂಡು ಹಿಂದಿರುಗಿದರು. ಅದು ದೇವರ ದಯೆ. ಗಂಟೆ ಕಟ್ಟಿದ ಮೇಲೆ ತಾಯಿ ಬಾಳೆಹಣ್ಣಿನ ಚೂರು ಬಾಯಿಗೆ ಹಾಕಿಕೊಂಡರು. ಅದನ್ನು ನೋಡಿದ ಮೇಲೆ ನನಗೆ ಉಸಿರು ಬಂತು. ಮನೆಗೆ ಮರಳಿ ಎಲ್ಲರಿಗೂ ಬಡಿಸಿದೆ. ಡ್ರೈವರನ ಎಲೆಗೆ ಮೂರು ಸಲ ಪಾಯಸ ಹಾಕಿದೆ. "ಸಾಕ್ರಿ ಅಕ್ಕಾರ, ಸಾಕು," ಎನ್ನುತ್ತ ಎಲೆಯ ಮೇಲೆ ಕೈ ಅಡ್ಡ ಇಟ್ಟ. ನನ್ನ ಮುಖ ನೋಡಲಿಲ್ಲ.

ಎರಡು ತಿಂಗಳ ನಂತರ ಗೆಳತಿ ಫೋನಿನಲ್ಲಿ ಅದೂ ಇದೂ ಹೇಳುತ್ತ, "ಆ ಡ್ರೈವರನ್ನ ಬಿಡಿಸಿದ್ವಿ. ದಾರಿ ತಿಳಿಯೂದಿಲ್ಲ, ಮ್ಯಾಲೆ ಎದುರುವಾದ ಬ್ಯಾರೆ," ಎಂದಳು.

ಆಗಲೂ ನಿಜ ಹೇಳದೆ ಫೋನು ಇಟ್ಟೆ. ದಿನಾ ದೀಪ ಹಚ್ಚುವಾಗ ಅವನು ಗಾಜು ಒರೆಸುತ್ತಿದ್ದದ್ದೇ ಕಣ್ಣಿಗೆ ಬರುತ್ತಿತ್ತು. ಎಂಟನೆಯ ದಿನ ನಾನೇ ಫೋನು ಮಾಡಿ ಎಲ್ಲ ಹೇಳಿದೆ.

"ಅವತ್ತ ಹೇಳಿದ್ರ ನಾವೇನ ನಿನ್ನ ನುಂಗತಿದ್ವೇನ?" ಎಂದಳು. ಅವನನ್ನು ಮತ್ತೆ ಕರೆಸು ಎಂದು ಬೇಡಿಕೊಂಡೆ. ಹುಡುಕಿಸಿದಳು. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟಿದ್ದ. ಯಾವ ಕಡೆಗೆ ಹೋದನೆಂದು ಯಾರಿಗೂ ಗೊತ್ತಿರಲಿಲ್ಲ.